ಅಂಗಳದ ಬೊಡ್ಡೆ



ಉಮರ್ಗಾ, ನಿಲಂಗಾ, ಉದಗೀರ ಭಾಗದ ಸದ್ಭಕ್ತರು ಮಠಕ್ಕೆ ಬಂದಾಗ ಮಳೆ, ಬೆಳೆ, ಮಕ್ಕಳ ಲಗ್ನದ ಸುದ್ದಿ ಮುಗಿದ ಮೇಲೆ ಒಂದು ಮಾತು ಕೇಳುತ್ತಿದ್ದಾರೆ: "ಮಠದ ಅಂಗಳದಾಗಿನ ಬೊಡ್ಡಿ ಹ್ಯಾಂಗ ತೆಗದ್ರಿ? ನಮ್ಮಲ್ಲಿ ಎಷ್ಟು ಕಡದ್ರೂ ಮತ್ತ ಚಿಗೀತದ." ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ. ನಾನು ಶಾಸ್ತ್ರ ಓದಿದವನಲ್ಲ, ಬಿ.ಕಾಂ. ಮಾಡಿ ಮಠದ ಲೆಕ್ಕ ಬರೆಯುವವನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ.

ಅದು ಬಳ್ಳಾರಿ ಜಾಲಿ. ನಮ್ಮ ಕಡೆ ಮರಾಠಿಯಲ್ಲಿ ವೇಡಿ ಬಾಭೂಳ ಎನ್ನುತ್ತಾರೆ. ಅಮೇರಿಕಾ ಖಂಡದ ಮರ, 19ನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮ ದೇಶಕ್ಕೆ ಬಂತು. ಉರುವಲಿಗೆ ಒಳ್ಳೆಯದು, ಅದನ್ನು ಅಲ್ಲಗಳೆಯಲಾರೆ. ಆದರೆ ದಾಸೋಹಕ್ಕೆ ಬರುವ ತಾಯಂದಿರ ಕಾಲಿಗೆ ಮುಳ್ಳು ನೆಡುತ್ತಿದ್ದುದರಿಂದ ಕಡಿಸಿದೆವು. ಅಂಗಳ ಚೆಂದ ಕಾಣಲೆಂದು ನೆಲಕ್ಕೆ ಸಮನಾಗಿ ಗರಗಸ ಹಾಕಿಸಿ, ಮೇಲೆ ಮಣ್ಣು ಹರಡಿಸಿದವನು ನಾನೇ. ಮಳೆಗಾಲ ಬಂತು, ಒಂದು ಮರವಿದ್ದಲ್ಲಿ ಹತ್ತು ಕೋಲು ಎದ್ದವು. ಕುಳ್ಳು ಒಟ್ಟಿ ಸುಟ್ಟೆವು. ಹಸಿ ಬೊಡ್ಡೆ, ಮಣ್ಣಲ್ಲಿ ಹೂತದ್ದು, ಗಾಳಿಯಾಡದು. ಮೇಲೆ ಕರ್ರಗಾಯಿತು, ಅಷ್ಟೇ. ತೂತು ಕೊರೆದು ಉಪ್ಪು ತುಂಬಿದೆವು. ಪಕ್ಕದ ಮಲ್ಲಿಗೆ ಬಳ್ಳಿ ಒಣಗಿತು, ಜಾಲಿ ಒಣಗಲಿಲ್ಲ. ಮೂರು ವರ್ಷ ಖರ್ಚಿನ ವಹಿಯಲ್ಲಿ 'ಬೊಡ್ಡೆ ಬಾಬತ್ತು' ಎಂಬ ಕಲಮು ತಪ್ಪಲಿಲ್ಲ.

ಕೊನೆಗೆ ಊರಿನ ದಲಿತ ಕೇರಿಯ ಹಿರಿಯರೊಬ್ಬರನ್ನು ಕರೆಸಿದೆವು. ಬಾವಿ ತೋಡಿ, ಬದು ಹಾಕಿ ಮುಪ್ಪಾದವರು. ಬಗ್ಗಿ ನೋಡಿ ಅಂದರು: "ನೆಲಕ್ಕ ಸಮ ಕಡದೀರಿ ಧಣೇರ. ಈಗ ಹಿಡೀಲಾಕ ಏನೂ ಉಳದಿಲ್ಲ. ಎದೀಮಟ ಬಿಟ್ಟಿದ್ರ ಅದನ್ನೇ ಹಿಡದು ಅಲಗಾಡಸ್ತಿದ್ದೆ."

ಬೇಸಿಗೆಯಲ್ಲಿ ಅವರು ಗುದ್ದಲಿ ಮುಟ್ಟಲಿಲ್ಲ. ನಮ್ಮ ಎರೆಮಣ್ಣು ಆಗ ಬಿರುಕು ಬಿಟ್ಟು ಕಲ್ಲಾಗಿರುತ್ತದೆ. ತೀರಾ ಮಳೆಯಲ್ಲಿ ಕಾಲಿಗೇ ಮೆತ್ತಿಕೊಳ್ಳುತ್ತದೆ. ಮೃಗದ ಮಳೆ ಒಂದೆರಡು ಬಿದ್ದು ಮಣ್ಣು ಹದಕ್ಕೆ ಬಂದಾಗ ಬಂದರು. ಬೊಡ್ಡೆಯಿಂದ ಎರಡು ಮೊಳ ದೂರ ಸುತ್ತಲೂ ಅಗೆದರು. ಅಡ್ಡ ಬೇರು ಸಿಕ್ಕಾಗ ನೀರು ಹಾಕಿ ತೊಳೆದು ಆಮೇಲೆ ಕಡಿದರು. ಮಣ್ಣು ಮೆತ್ತಿದ ಬೇರಿಗೆ ಹೊಡೆದರೆ ಕೊಡಲಿಯ ಬಾಯಿ ಹೋಗುತ್ತದೆಯಂತೆ. ನಾನು, "ತಾಯಿಬೇರು ಎಷ್ಟು ಆಳ ಹೋಗಿದೆಯೋ ಕಾಕಾ" ಎಂದೆ. ನಕ್ಕರು. "ಪಾತಾಳದ ಬ್ಯಾರ್ ನಮಗ್ಯಾಕ್ರಿ? ಇಲ್ಲಿ ನೋಡ್ರಿ, ಕುತಗೀ."

ನೆಲದಿಂದ ಗೇಣು ಕೆಳಗೆ, ಕಾಂಡ ಬೇರಾಗುವ ಕಡೆ ಒಂದು ಗಂಟು. ಚಿಗುರಿನ ಮೊಗ್ಗುಗಳೆಲ್ಲ ಕುಳಿತಿರುವುದು ಅಲ್ಲಿ. ಅದರ ಕೆಳಗೆ ಕಡಿದರೆ ಉಳಿದ ಬೇರು ಚಿಗುರುವುದಿಲ್ಲ, ಮಣ್ಣಲ್ಲೇ ಕೊಳೆಯುತ್ತದೆ. ಅಂದಾಜಿಗೆ ಒಂದು ಮೊಳ ಕೆಳಗೆ ಕಡಿದು, ಹಾರೆ ಕೊಟ್ಟು, ಹಗ್ಗ ಕಟ್ಟಿ ಎಳೆದರು. ಒಂದೂವರೆ ದಿನದ ಕೆಲಸ. ನಿಮ್ಮ ಅಂಗಳದಲ್ಲಿಯೂ ಇಷ್ಟೇ ಮಾಡಿರಿ, ಉಪ್ಪು ಹಾಕಿ ಮಣ್ಣು ಕೆಡಿಸಬೇಡಿರಿ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೊದಲ ದಿನ ಮಧ್ಯಾಹ್ನದ ಮಾತು ಬರೆಯದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ದಾಸೋಹದ ಗಂಟೆಯಾಯಿತು. ಅವರು ಕೈ ತೊಳೆದು ಹೊರಗೆ ಬೇವಿನ ಬುಡದಲ್ಲಿ ಕುಳಿತರು. "ಒಳಗ ಬರ್ರಿ" ಎಂದು ನಾನು ಅನ್ನಲಿಲ್ಲ. "ನಾ ಇಲ್ಲೇ ಕುಂದರತೀನ್ರಿ, ರೂಢಿ ಅದ" ಎಂದು ಅವರೇ ಅಂದರು, ನನಗೆ ಹಗುರಾಯಿತು. ಎಲೆ ಹೊರಗೆ ಕಳಿಸಿದೆ. ಒಳಗೆ ಗೋಡೆಯ ಮೇಲೆ ಬಸವಣ್ಣನವರ ಭಾವಚಿತ್ರವಿತ್ತು.

ನಾವಿರುವಲ್ಲಿಂದ ಕಲ್ಯಾಣ ದೂರವಲ್ಲ. ಉದಗೀರ, ನಿಲಂಗಾ ತಾಲೂಕುಗಳಂತೂ 1956ರವರೆಗೆ ಬೀದರ ಜಿಲ್ಲೆಯಲ್ಲಿಯೇ ಇದ್ದವು. ಆ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಸಮಗಾರ ಹರಳಯ್ಯನವರ ಮನೆಗೂ ಬ್ರಾಹ್ಮಣ ಮೂಲದ ಮಧುವರಸರ ಮನೆಗೂ ಬೀಗತನವಾಗಿ, ಅದಕ್ಕಾಗಿ ಇಬ್ಬರೂ ಪ್ರಾಣ ತೆತ್ತರು. 1950ರ ಸಂವಿಧಾನ ತನ್ನ 17ನೆಯ ಕಲಮಿನಲ್ಲಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ನಾವೂ ಪ್ರತಿ ಬಸವ ಜಯಂತಿಗೆ "ನಮ್ಮಲ್ಲಿ ಜಾತಿ ಇಲ್ಲ" ಎಂದು ಹೇಳುತ್ತೇವೆ. ಹೇಳಿ ಮನೆಗೆ ಹೋಗಿ, ಹೆಣ್ಣು ಕೊಡುವಾಗ ಮಾತ್ರ ಒಳಪಂಗಡ ಯಾವುದು ಎಂದು ಕೇಳುತ್ತೇವೆ.

ಆ ರಾತ್ರಿ ಕಾಕಾ ಅವರ ಮಾತೇ ತಲೆಯಲ್ಲಿತ್ತು: ಹಿಡೀಲಾಕ ಏನೂ ಉಳದಿಲ್ಲ. "ಇಲ್ಲ" ಎನ್ನುವ ಮಾತೇ ನೆಲಕ್ಕೆ ಸಮನಾಗಿ ಗರಗಸ ಹಾಕಿದ್ದು. ಅಂಗಳ ಚೆಂದ ಕಾಣುತ್ತದೆ, ಯಾರಿಗೂ ಎಡವುವುದಿಲ್ಲ, ಕುತ್ತಿಗೆ ಕೆಳಗೆ ಹಾಗೆಯೇ ಇರುತ್ತದೆ. "ಇದೆ, ನನ್ನಲ್ಲಿಯೇ ಇದೆ" ಎಂದರೆ ಎದೆಮಟ್ಟದ ಬೊಡ್ಡೆಯಾದರೂ ಕೈಗೆ ಸಿಗುತ್ತದೆ.

ಮರುದಿನ ಅವರ ಕೈ ಹಿಡಿದು ಒಳಗೆ ಕರೆತಂದು ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕೂರಿಸಿಕೊಂಡೆ. ಅವರು ಬಹಳ ಸಂಕೋಚಪಟ್ಟರು. ಸರಿಯಾಗಿ ಉಣ್ಣಲಿಲ್ಲ ಎಂದು ನನಗೆ ಅನಿಸಿತು. ಎದುರು ಸಾಲಿನಲ್ಲಿ ಇಬ್ಬರು ಹಿರಿಯರು ಎಲೆ ಬಿಟ್ಟು ಎದ್ದು ಹೋದರು. ಹೆಸರು ಬರೆಯುವುದಿಲ್ಲ. ಹಿಂದಿನ ದಿನ ನಾನೂ ಅವರಲ್ಲೊಬ್ಬ.

ಈ ಸಲದ ಮಳೆಗೆ ಆ ಜಾಗದಲ್ಲಿ ಮತ್ತೆ ಹಸಿರು ಕಂಡು ಎದೆ ಧಸಕ್ಕೆಂದಿತು. ಕಾಕಾ ಬಂದು ನೋಡಿ, ಬೊಡ್ಡೆಯದಲ್ಲ, ಬೀಜದ್ದು ಎಂದರು. ಆಡುಗಳು ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಬಿಡುತ್ತವೆ, ಅದು ವರ್ಷಗಟ್ಟಲೆ ಮಣ್ಣಲ್ಲಿ ಕಾಯುತ್ತದೆ. ಗೇಣುದ್ದ ಇರುವಾಗ ಎರಡು ಬೆರಳಿಗೆ ಬರುತ್ತವೆ. ಅವರು ಕಿತ್ತರು, ನಾನೂ ಕಿತ್ತೆ.

ಬರುವ ಸೋಮವಾರದ ದಾಸೋಹಕ್ಕೆ ಅವರನ್ನೂ ಮನೆಯವರನ್ನೂ ಕರೆದಿದ್ದೇನೆ. ಎದ್ದು ಹೋದ ಇಬ್ಬರಿಗೂ ಹೇಳಿ ಕಳಿಸಿದ್ದೇನೆ. ನೀವೂ ಬನ್ನಿರಿ.