ಗರ್ಭದ ಕೂಸಿಗೆ ತಗಲಿದ ಕೇಡಿಗೆ ಹೊಣೆ ಯಾರು?

ಗ್ರಹಣದ ದಿವಸ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಬಸುರಿ ಹೆಂಗಸನ್ನು ಮನೆಯೊಳಗೆ ಕೂಡ್ರಿಸಿ, ಈಳಿಗೆಯನ್ನೂ ಸೂಜಿಯನ್ನೂ ಆಕೆಯ ಕೈಯಿಂದ ತೆಗೆದಿಡುವದನ್ನು ನಾವು ಕಂಡಿದ್ದೇವೆ. ಆಕಾಶದ ನೆರಳಿಗೆ ಇಷ್ಟು ಅಂಜುವ ಮನೆಯವರೇ, ತೊಗರಿ ಹೂವಾಡುವ ಕಾಲದಲ್ಲಿ, ನಾವು ಎಣ್ಣೆ ಎಂದು ಕರೆಯುವ ಹುಳದ ಔಷಧಿಯನ್ನು ಕಲಸಲಿಕ್ಕೆ ನೀರಿನ ಕೊಡವನ್ನು ಅದೇ ಹೆಂಗಸಿನ ತಲೆಯ ಮೇಲೆ ಹೊರಿಸುತ್ತಾರೆ. ಕೂಸು ಊನವಾಗಿ ಹುಟ್ಟಿದರೆ, ಆಕೆ ಗ್ರಹಣದಲ್ಲಿ ಏನು ಕೊಯ್ದಳೆಂದು ಕೇಳುವರೇ ಹೊರತು ಹೊಲದಲ್ಲಿ ಏನನ್ನು ಉಸುರಾಡಿದಳೆಂದು ಕೇಳುವವರಿಲ್ಲ. ಆದದರಿಂದ ದೋಷವು ಯಾರದೆಂಬದನ್ನು ಸ್ವಲ್ಪ ವಿಚಾರಿಸೋಣ.

ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ನಾವು ಹೊಲಸೆಂದೆಣಿಸಿ ಹುಗಿಯುತ್ತೇವೆ. ಸುಮಾರು ಅರ್ಧ ಕಿಲೋ ತೂಗುವ ಈ ಅವಯವವೇ ಕೂಸಿಗೆ ಶ್ವಾಸಕೋಶವೂ ಹೊಟ್ಟೆಯೂ ಮೂತ್ರಪಿಂಡವೂ ಆಗಿರುತ್ತದೆ. ತಾಯಿಯ ರಕ್ತವೂ ಕೂಸಿನ ರಕ್ತವೂ ಇದರಲ್ಲಿ ಬೆರೆಯುವದಿಲ್ಲ. ನಡುವೆ ಇರುವ ತೆಳ್ಳನೆಯ ಪೊರೆಯ ಮೂಲಕ ಪ್ರಾಣವಾಯುವೂ ಅನ್ನರಸವೂ ದಾಟುತ್ತವೆ. ಆ ಪೊರೆಯು ವಿಷವನ್ನು ತಡೆಯುವ ಗೋಡೆಯೆಂದು ಒಂದು ಕಾಲದಲ್ಲಿ ವೈದ್ಯರೂ ನಂಬಿದ್ದರು. ಆ ನಂಬಿಕೆಯು ಜಪಾನ ದೇಶದ ಮಿನಾಮಾಟಾದಲ್ಲಿ ಮುರಿಯಿತು. ಅಲ್ಲಿಯ ಕಾರಖಾನೆಯು ಸಮುದ್ರಕ್ಕೆ ಬಿಟ್ಟ ಪಾದರಸವು ಮೀನುಗಳಲ್ಲಿ ಸೇರಿ, ಅವನ್ನು ತಿಂದವರಲ್ಲಿ ೧೯೫೬ರಲ್ಲಿ ವಿಚಿತ್ರವಾದ ನರರೋಗವು ಕಂಡುಬಂತು. ಮೀನನ್ನು ಬಾಯಲ್ಲಿಡದ ಎಳೆಗೂಸುಗಳೂ ಹಾಗೆಯೇ ನರಳುತ್ತಿರಲಾಗಿ, ತಾವು ತಿಂದದ್ದೇ ಹೊಟ್ಟೆಯ ಕೂಸಿಗೆ ಹೋಯಿತೆಂದು ತಾಯಂದಿರು ಹೇಳಿದರು. ವೈದ್ಯರು ಅದನ್ನು ಒಪ್ಪಿದ್ದು ೧೯೬೨ರಲ್ಲಿ. ಆ ದೇಶದವರಿಗೆ ಕೂಸಿನ ಹೊಕ್ಕಳ ಹುರಿಯನ್ನು ಒಣಗಿಸಿ ಕಾಪಾಡಿಡುವ ಪದ್ಧತಿಯುಂಟು. ಮುಂದೆ ಆ ಒಣ ಹುರಿಗಳನ್ನು ಪರೀಕ್ಷಿಸಲಾಗಿ ಪಾದರಸವು ಅವುಗಳಲ್ಲಿಯೂ ಸಿಕ್ಕಿತು. ತಾಯಂದಿರಲ್ಲಿ ಹಲವರಿಗೆ ರೋಗದ ಗುರುತು ಅಲ್ಪವಾಗಿತ್ತು.

ಅಷ್ಟು ದೂರ ಹೋಗಬೇಕೆಂದಿಲ್ಲ. ಕನ್ನಡ ನುಡಿಯುವವರಿರುವ ಕಾಸರಗೋಡು ಸೀಮೆಯ ಪಡ್ರೆ ಮೊದಲಾದ ಊರುಗಳಲ್ಲಿ ಸರಕಾರಿ ಗೇರು ತೋಟಗಳ ಮೇಲೆ ೧೯೭೦ರ ದಶಕದ ಕೊನೆಯಿಂದ ೨೦೦೦ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಲ್ಪಟ್ಟಿತು. ತೋಟದ ಕೆಳಗಿನ ಬಾವಿ ಹಳ್ಳಗಳ ನೀರನ್ನೇ ಜನರು ಕುಡಿಯುತ್ತಿದ್ದರು. ಬುದ್ಧಿಮಾಂದ್ಯವೂ ಅಂಗವೈಕಲ್ಯವೂ ಉಳ್ಳ ಮಕ್ಕಳು ಅಲ್ಲಿ ಕಾಣಬಂದರು. ಪ್ರತಿಯೊಂದು ರೋಗವೂ ಅದರಿಂದಲೇ ಬಂತೆಂದು ಪಂಡಿತರೆಲ್ಲರು ಒಮ್ಮತವಾಗಿ ಹೇಳುವದಿಲ್ಲ. ಆದರೆ ಆ ವಿಷವು ಮಾಸಿನಲ್ಲಿಯೂ ಹೊಕ್ಕಳ ಹುರಿಯ ರಕ್ತದಲ್ಲಿಯೂ ಸಿಕ್ಕುವದೆಂಬದು ಬೇರೆ ದೇಶಗಳ ಪರೀಕ್ಷೆಗಳಿಂದ ಸ್ಥಾಪಿತವಾಗಿದೆ. ೨೦೧೧ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲಾ ತಡೆಯಿತು. ೨೦೧೭ರಲ್ಲಿ ಬಾಧೆಪಟ್ಟವರಿಗೆ ಐದೈದು ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಅಪ್ಪಣೆಯಾಯಿತು.

ಹೊಗೆಯ ವಿಷಯವೂ ಹೀಗೆಯೇ. ತೊಗರಿ ಕಟ್ಟಿಗೆಯ ಒಲೆಯ ಮುಂದೆ ಕೂತವಳ ರಕ್ತದಲ್ಲಿ ಪ್ರಾಣವಾಯುವಿನ ಸ್ಥಳವನ್ನು ಹೊಗೆಯ ವಿಷವಾಯು ಹಿಡಿದುಕೊಳ್ಳುವದರಿಂದ ಕೂಸು ತೂಕದಲ್ಲಿ ಕಡಿಮೆಯಾಗುತ್ತದೆ. ೨೦೧೯ರಲ್ಲಿ ಬೆಲ್ಜಿಯಂ ದೇಶದ ಪಂಡಿತರು ಮಾಸಿನ ಒಳಮಗ್ಗುಲಲ್ಲಿ, ಅಂದರೆ ಕೂಸಿನ ಕಡೆಯಲ್ಲಿ, ಮಸಿಯ ಕಣಗಳನ್ನೇ ಕಂಡರು.

ಹೀಗಿರಲಾಗಿ, ಬಸುರಿಯು ಜಾಗ್ರತೆಯಾಗಿರಲಿ ಎಂದು ಹೇಳಿ ಕೈತೊಳೆದುಕೊಳ್ಳುವದು ನ್ಯಾಯವೋ? ಕೂಸಿನ ಹೃದಯ, ಮೆದುಳು, ಕೈಕಾಲುಗಳು ಮೊದಲ ಎರಡು ತಿಂಗಳಲ್ಲಿಯೇ ರೂಪುಗೊಳ್ಳುತ್ತವೆ. ಆಗ ತಾನು ಬಸುರಿಯೆಂಬದು ಎಷ್ಟೋ ಸಾರಿ ಆಕೆಗೇ ಗೊತ್ತಿರುವದಿಲ್ಲ. ಇದಲ್ಲದೆ, ಯಾವ ಔಷಧಿ ತರಬೇಕು, ಎಂದು ಹೊಡೆಯಬೇಕು, ಗ್ಯಾಸಿನ ಸಿಲಿಂಡರನ್ನು ತುಂಬಿಸಬೇಕೋ ಬೇಡವೋ, ಎಂಬ ಯಾವದರಲ್ಲಿಯೂ ಆಕೆಯ ಮಾತು ನಡೆಯುವದಿಲ್ಲ. ಅಧಿಕಾರವು ಒಬ್ಬನಿಗೆ, ಹೊಣೆಯು ಮತ್ತೊಬ್ಬಳಿಗೆ ಎಂಬದು ಯಾವ ಲೆಕ್ಕ? ಅರಿಯದೆ ಮಾಡಿದ ಗಂಡನನ್ನು ನಾವು ದೂರುವದಿಲ್ಲ. ಅರಿತ ಮೇಲೆಯೂ ಆಕೆಯ ಕೈಗೇ ಕೊಡವನ್ನು ಕೊಡುವವನು ಆ ಮಾತನ್ನು ಹೇಳಲಾರನು.

ಈ ಮಾತನ್ನು ನಾವು ಜೇವರ್ಗಿ ಕಡೆಯ ಒಂದು ಮನೆಯಲ್ಲಿ ಆಡಿದಾಗ ಯಜಮಾನನು, “ಆಕಿ ಕೂಲಿ ಬಿಟ್ರ ಮನಿ ಹ್ಯಾಂಗ ನಡೀಬೇಕ್ರೀ?” ಎಂದನು. ಬಡವನ ಈ ಪ್ರಶ್ನೆಯನ್ನು ತಳ್ಳಿಬಿಡುವ ಧೈರ್ಯವು ನಮಗಿರಲಿಲ್ಲ. ಆದರೆ ಮೂಲೆಯಲ್ಲಿ ಕಾಳು ಹಸನು ಮಾಡುತ್ತಿದ್ದ ಆತನ ಮುದಿತಾಯಿಯು, “ಕೂಲಿ ಬಿಡು ಅಂದೋರು ಯಾರು? ಎಣ್ಣಿ ನೀರು ನೀ ಹೊರು, ಎಣ್ಣಿ ಹೊಡೀದ ಹೊಲದಾಗ ಆಕಿ ಕಳೀ ತಗೀಲಿ” ಅಂದಳು. ಆತನು ಉತ್ತರ ಕೊಡಲಿಲ್ಲ. ಅಂಗಳದಲ್ಲಿ ಎಣ್ಣೆ ಹೊಡೆಯುವ ಪಂಪು ಬಿದ್ದಿತ್ತು. ಅದನ್ನು ದಿನವೂ ತೊಳೆಯುತ್ತಿದ್ದವಳು ಹೆಂಡತಿ. ಸ್ವಲ್ಪ ಹೊತ್ತಿನ ಮೇಲೆ ಆತನೇ ಎದ್ದು ಅದನ್ನು ಎತ್ತಿಕೊಂಡು ಹೊರಗೆ ಹೋದನು.