‘ಪರವಾಗಿಲ್ಲ’ಕ್ಕೆ ಎಷ್ಟು ಅಂಕ?

‘ಹೇಗಿದ್ದೀರಿ?’ ಎಂದರೆ ‘ಪರವಾಗಿಲ್ಲ’ ಎಂದು ಹೇಳಿ ಮುಂದೆ ಹೋಗುವುದು ನಮ್ಮ ರೂಢಿ. ಆ ‘ಪರವಾಗಿಲ್ಲ’ಕ್ಕೆ ಅಂಕ ಹಾಕಲು ಹೊರಟರೆ ತತ್ತ್ವದ ತೊಡಕು ಶುರುವಾಗುತ್ತದೆ. ಒಬ್ಬರ ಬದುಕು ಹೇಗಿದೆಯೆಂದು ಅವರ ಮನೆ, ಸಂಬಳ, ಆರೋಗ್ಯ ನೋಡಿ ಹೊರಗಿನವರು ಹೇಳಬಹುದು, ಬದುಕುತ್ತಿರುವವರೇ ಹೇಳಬಹುದು. ಈ ಎರಡನೆಯ ತೀರ್ಪಿಗೆ ವ್ಯಕ್ತಿನಿಷ್ಠ ಕ್ಷೇಮ ಎಂದು ಹೆಸರು. ಅದನ್ನು ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ 1998ರ ಪಟ್ಟಿಯಲ್ಲಿ ಇರುವುದು ಐದೇ ಐದು ಅಂಶ: ಕಳೆದೆರಡು ವಾರ ಮನಸ್ಸು ಗೆಲುವಾಗಿತ್ತೇ, ಸಮಾಧಾನವಿತ್ತೇ, ಮೈಯಲ್ಲಿ ಚೈತನ್ಯವಿತ್ತೇ, ಬೆಳಗ್ಗೆ ಏಳುವಾಗ ದಣಿವು ಆರಿತ್ತೇ, ದಿನಗಳಲ್ಲಿ ಆಸಕ್ತಿ ಹುಟ್ಟಿಸುವುದೇನಾದರೂ ಇತ್ತೇ. ಒಂದೊಂದಕ್ಕೂ 0ಯಿಂದ 5.

ಮನೋರೋಗದಿಂದ ಚೇತರಿಸಿಕೊಳ್ಳುತ್ತಿರುವವರ ಮುಂದೆ ಈ ಪಟ್ಟಿ ಇಟ್ಟಾಗ, ಅವರ ಉತ್ತರವನ್ನು ನಂಬಬಹುದೇ ಎಂಬ ಅನುಮಾನ ಏಳುತ್ತದೆ. ಮುಂಬಯಿಯಲ್ಲಿ ಭರತ್ ಮತ್ತು ಸ್ಮಿತಾ ವಾಟ್ವಾನಿ ದಂಪತಿ 1988ರಲ್ಲಿ ಕಟ್ಟಿದ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನವನ್ನೇ ನೋಡಿ. ಬೀದಿಯಲ್ಲಿ ಯುವಕನೊಬ್ಬ ತೆಂಗಿನ ಚಿಪ್ಪಿನಲ್ಲಿ ಚರಂಡಿ ನೀರು ಮೊಗೆದು ಕುಡಿಯುತ್ತಿದ್ದುದನ್ನು ದಂಪತಿ ಕಂಡದ್ದು ಅದರ ಮೂಲ. ಆತ ಪದವೀಧರನೆಂದು ಆಮೇಲೆ ತಿಳಿಯಿತು. ಅಲೆಯುವ ರೋಗಿಗಳನ್ನು ಕರೆತಂದು, ಚಿಕಿತ್ಸೆ ಕೊಟ್ಟು, ಊರಿಗೆ ಮುಟ್ಟಿಸುವುದು ಅವರ ಕೆಲಸ. ಊರು ಸೇರಿದವರೆಷ್ಟು ಎಂದು ಲೆಕ್ಕ ಹಾಕಬಹುದು. ಸೇರಿದವನಿಗೆ ಅಲ್ಲಿ ನೆಮ್ಮದಿಯಿದೆಯೇ? ಅದು ಅವನ ಬಾಯಿಂದಲೇ ಬರಬೇಕು.

ಬುದ್ಧಿ ಸ್ಥಿಮಿತವಿಲ್ಲದವರ ಮಾತನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಹಳೆಯದು, ಅಷ್ಟೇನೂ ಗಟ್ಟಿಯದಲ್ಲ. ತನಗೆ ಕಾಯಿಲೆಯೇ ಇಲ್ಲ ಎನ್ನುವವನು ಕಾಯಿಲೆಯ ವಿಷಯದಲ್ಲಿ ತಪ್ಪಿರಬಹುದು. ನಿದ್ದೆ ಬಂದಿಲ್ಲ, ಬೇಸರವಾಗಿದೆ ಎನ್ನುವಾಗ ಅವನಿಗಿಂತ ಬಲ್ಲವರಾರು? ನಿಜವಾದ ಬಿಕ್ಕಟ್ಟನ್ನು ತೋರಿಸಿದ್ದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್: ದೀರ್ಘಕಾಲ ವಂಚಿತರಾದವರು ಸಿಕ್ಕಷ್ಟಕ್ಕೆ ಆಸೆಯನ್ನೇ ಕತ್ತರಿಸಿಕೊಳ್ಳುತ್ತಾರೆ. ಫುಟ್‌ಪಾತಿನಲ್ಲಿ ವರ್ಷಗಟ್ಟಲೆ ಕಳೆದವನಿಗೆ ಒಂದು ಚಾಪೆ, ಬಿಸಿ ಅನ್ನವೇ 5 ಅಂಕದ ಸುಖ. ಹಾಗೆಂದು ಅಂಕ ಸುಳ್ಳೆನ್ನಲಾಗದು, ಸುಖ ಅವನದೇ. ಆದರೆ ಅಷ್ಟರಿಂದಲೇ ಅವನಿಗೆ ಸಲ್ಲಬೇಕಾದದ್ದೆಲ್ಲ ಸಂದಿತೆಂದು ಸಂಸ್ಥೆಯೋ ಸರ್ಕಾರವೋ ಹೇಳಿಕೊಳ್ಳುವಂತಿಲ್ಲ. ಸಮುದಾಯದ ನಡುವೆ ಬಾಳುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಹಕ್ಕು. ತೃಪ್ತಿಯ ಅಂಕ ಎಷ್ಟೇ ಏರಲಿ, ಅದು ರದ್ದಾಗದು.

ಆದ್ದರಿಂದ ಈ ಅಂಕವನ್ನು ಥರ್ಮಾಮೀಟರಿನ ಪಾದರಸದಂತೆ ಓದುವುದಕ್ಕಿಂತ ಸಾಕ್ಷಿಯ ಹೇಳಿಕೆಯಂತೆ ಕೇಳುವುದು ಸರಿ. ಸಾಕ್ಷಿಗೆ ಮರುಪ್ರಶ್ನೆ ಹಾಕಬಹುದು, ಬಾಯಿ ಮುಚ್ಚಿಸಬಾರದು. ‘ದಣಿವು ಆರಿತ್ತೇ’ ಎಂಬುದಕ್ಕೆ ಒಬ್ಬಾಕೆ ಸೊನ್ನೆ ಹಾಕಿದಳೆನ್ನಿ. ಅದು ಖಿನ್ನತೆಯೂ ಇರಬಹುದು, ಮಾತ್ರೆಯ ಮಂಪರೂ ಇರಬಹುದು. ರಾತ್ರಿ ಎಷ್ಟು ಹೊತ್ತಿಗೆ ಮಾತ್ರೆ ನುಂಗುತ್ತೀರಿ ಎಂದು ಕೇಳಿದರೆ ಸುಳಿವು ಸಿಗುತ್ತದೆ.