ಗುಂಡುಸೂಜಿಯೂ ಸೀಟಿಯೂ



ಶುಚಿತ್ವವನ್ನು ಕುರಿತು ಆಂಗ್ಲ ಭಾಷೆಯಲ್ಲಿ ಎರಡು ಉಪಮೆಗಳು ಬಳಕೆಯಲ್ಲಿವೆ. ಒಪ್ಪವಾಗಿರಿಸಿದ ಮನೆಯನ್ನು ಕಂಡು ‘ಆಸ್ ಕ್ಲೀನ್ ಆಸ್ ಎ ನ್ಯೂ ಪಿನ್’, ಎಂದರೆ ಹೊಸ ಗುಂಡುಸೂಜಿಯಂತೆ ಶುಚಿ, ಎನ್ನುವರು. ‘ಆಸ್ ಕ್ಲೀನ್ ಆಸ್ ಎ ವಿಸಲ್’, ಸೀಟಿಯಂತೆ ಶುಚಿ, ಎಂಬುದು ಇನ್ನೊಂದು. ಅಲಂಕಾರಶಾಸ್ತ್ರದ ಕ್ರಮದಿಂದ ನೋಡಿದರೆ ಸೂಜಿ, ಸೀಟಿಗಳು ಉಪಮಾನಗಳು, ‘ಆಸ್’ ಎಂಬುದು ಉಪಮಾವಾಚಕ, ಶುಚಿತ್ವವು ಸಾಧಾರಣಧರ್ಮ, ಹೊಗಳಿಕೆಗೆ ಪಾತ್ರವಾದ ಮನೆಯೋ ಮನುಷ್ಯನೋ ಉಪಮೇಯ.

ಸಾಧಾರಣಧರ್ಮ ಒಂದೇ ಆದರೂ ಉಪಮಾನಗಳ ಸ್ವಭಾವ ಒಂದಲ್ಲ. ಸೂಜಿಯ ಶುಚಿ ಮೈಮೇಲಿನ ಹೊಳಪು. ‘ಹೊಸ’ ಎಂಬ ವಿಶೇಷಣವಿಲ್ಲದಿದ್ದರೆ ಆ ಉಪಮೆ ನಿಲ್ಲದು. ತೇವ ತಗುಲಿದ ಉಕ್ಕಿಗೆ ತುಕ್ಕು ತಪ್ಪದು. ಸೀಟಿಯ ಶುಚಿಯಾದರೋ ಒಳಗಿನದು. ಹೊರಗೆ ಎಷ್ಟು ಉಜ್ಜಿದರೂ ಒಳಗೆ ಧೂಳು ಕಟ್ಟಿದ್ದರೆ ನಾದ ಒಡೆಯುವುದು. ಉಸಿರು ಹಾಯ್ದಾಗಲೇ ಅದರ ಪರೀಕ್ಷೆ. ಕಳಂಕವಿಲ್ಲದ ನಡತೆಯವನನ್ನೂ ಆಂಗ್ಲರು ಸೀಟಿಗೆ ಹೋಲಿಸುವುದುಂಟು.

ಇದನ್ನೇ ಒಂದು ದಿನ ತರಗತಿಯಲ್ಲಿ ವಿವರಿಸುತ್ತಿದ್ದೆನು. ಆಗ ಒಬ್ಬ ಬಾಲಕನು ಸಗಣಿಯ ಕಲೆಯಾದ ಅಂಗಿಯಲ್ಲಿ ತಡವಾಗಿ ಬಂದನು. ‘ನೋಡಿರಿ, ನಮ್ಮ ಹೊಸ ಗುಂಡುಸೂಜಿ ಬಂದಿತು!’ ಎಂದೆನು. ಮಕ್ಕಳು ನಕ್ಕರು. ಅವನು ತಲೆತಗ್ಗಿಸಿ ಹಿಂದಿನ ಸಾಲಿಗೆ ಹೋದನು. ಸಂಜೆ ನಿಜಸಂಗತಿ ತಿಳಿಯಿತು. ಗೋಶಾಲೆಯ ಆಳು ಜ್ವರದಿಂದ ಮಲಗಿದ್ದುದರಿಂದ, ಯಾರೂ ಹೇಳದೆಯೇ ಆ ಬಾಲಕನು ಕೊಟ್ಟಿಗೆಯನ್ನು ಗುಡಿಸಿ ಬಂದಿದ್ದನು. ನನ್ನ ಧೋತರ ಅಂದು ಶುಭ್ರವಾಗಿದ್ದಿತು, ಹಣೆಯಲ್ಲಿ ವಿಭೂತಿಯಿದ್ದಿತು. ಆ ವಿಭೂತಿಯೂ ಗೋಮಯದಿಂದಲೇ ಆದುದೆಂಬುದು ನನಗೆ ನೆನಪಾಗಲಿಲ್ಲ. ಅಂದು ಸೂಜಿಯಾದವನು ನಾನೇ, ಹೊಳೆದೆನು, ಚುಚ್ಚಿದೆನು.

ಅಂತರಂಗ ಬಹಿರಂಗಗಳೆರಡರ ಶುದ್ಧಿಯನ್ನೂ ಬಸವಣ್ಣನವರು ಏಳು ನಿಷೇಧಗಳ ಪ್ರಸಿದ್ಧ ವಚನದಲ್ಲಿ ಬೋಧಿಸಿರುವರು. ಅಲ್ಲಿ ಸ್ನಾನದ ಮಾತಿಲ್ಲ, ವಸ್ತ್ರದ ಮಾತಿಲ್ಲ. ಅನ್ಯರನ್ನು ಕಂಡು ಹೇಸದಿರುವುದು, ಎದುರಿನವರನ್ನು ನಿಂದಿಸದಿರುವುದು ಆ ಏಳರಲ್ಲಿ ಸೇರಿವೆ. ನಾನು ಒಂದೇ ವಾಕ್ಯದಲ್ಲಿ ಎರಡನ್ನೂ ಮೀರಿದ್ದೆನು. ಸ್ನಾನವನ್ನು ಬಿಡಿರೆಂದು ಇದರ ತಾತ್ಪರ್ಯವಲ್ಲ. ಶರಣರ ಬಟ್ಟೆಯನ್ನು ಮಡಿಮಾಡುವುದೇ ಮಡಿವಾಳ ಮಾಚಿದೇವರ ಕಾಯಕವಾಗಿದ್ದಿತು. ಪರರ ಕೊಳೆಯನ್ನು ಮುಟ್ಟಿದ ಆ ಕೈಗಳನ್ನು ಶರಣರು ಪೂಜ್ಯವೆಂದೇ ಬಗೆದರು.

ಮರುದಿನ ಅದೇ ತರಗತಿಯಲ್ಲಿ, ಎಲ್ಲರ ಎದುರಿಗೆ, ಆ ಬಾಲಕನ ಕ್ಷಮೆಯನ್ನು ಬೇಡಿದೆನು. ಬಂಧುಗಳೇ, ಮಿಂದು ಮಡಿಯುಟ್ಟು ಮನೆಯಿಂದ ಹೊರಡುವಾಗ ಕನ್ನಡಿಯನ್ನು ನೋಡಿಕೊಳ್ಳುವೆವು. ದಿನದ ಮೊದಲ ಮಾತನ್ನೂ ಹಾಗೆಯೇ ಒಮ್ಮೆ ಕೇಳಿಕೊಳ್ಳೋಣ. ಒಳಗಿನ ಧೂಳು ಅಲ್ಲಿಯೇ ಗೊತ್ತಾಗುವುದು.